ಉದ್ದೇಶ ಇರಲಿಲ್ಲ ಅಂದ್ರೆ ಸಾಕಾ? ಉಪೇಂದ್ರ ಅವರ ಗಾದೆ ಪ್ರಕರಣ

ಗಲಾಟೆ ನಡೆದು ವರ್ಷಗಳಾದ್ವು, ಜನಕ್ಕೆ ಗಲಾಟೆ ನೆನಪಿದೆ, ವಿಷಯ ಮರೆತೋಗಿದೆ, ಅದಕ್ಕೇ ಮೊದಲಿಂದ ಬರೀತೀನಿ.

2023ರ ಆಗಸ್ಟ್ 12, ಶನಿವಾರ. ತಮ್ಮ ಪಕ್ಷ ಪ್ರಜಾಕೀಯದ ವಾರ್ಷಿಕೋತ್ಸವ ಅಂತ ನಟ ಉಪೇಂದ್ರ ಅವರು ಸೋಶಿಯಲ್ ಮೀಡಿಯಾದಲ್ಲಿ ಲೈವ್ ಬಂದಿದ್ರು. ಮುಗ್ಧ ಮನಸ್ಸುಗಳಿಂದಲೇ ಬದಲಾವಣೆ ಸಾಧ್ಯ ಅನ್ನೋ ಥರ ಮಾತಾಡ್ತಾ ಇದ್ರು. ಮಧ್ಯದಲ್ಲಿ, ಬಾಯಿಗೆ ಬಂದಂಗೆ ಮಾತಾಡೋರು ಎಲ್ಲಾ ಕಡೆ ಇದ್ದೇ ಇರ್ತಾರೆ, ಅವರ ಬಗ್ಗೆ ತಲೆ ಕೆಡಿಸ್ಕೋಬೇಡಿ ಅನ್ನೋದನ್ನ ಹೇಳೋಕೆ ಹೋಗಿ "ಊರು ಅಂದ್ಮೇಲೆ ಹೊಲಗೇರಿ ಇರುತ್ತೆ" ಅನ್ನೋ ಗಾದೆ ಬಳಸಿದ್ರು. ಹೊಲಗೇರಿ ಅಂದ್ರೆ ಹೊಲೆಯ ಅನ್ನೋ ದಲಿತ ಸಮುದಾಯದವರು ಇರೋ ಕೇರಿ. ಒಂದೇ ಸಾಲು, ಹೇಳಿ ಮುಂದಕ್ಕೆ ಹೋದ್ರು. ಆ ಗಾದೇನ ಇಲ್ಲಿ ಪೂರ್ತಿ ಒಂದ್ಸಲ ಬರೆದಿದೀನಿ, ಏನು ಅಂತ ಗೊತ್ತಿಲ್ದೆ ಚರ್ಚೆ ಮಾಡೋಕಾಗಲ್ಲ ಅಂತ, ಇನ್ಮುಂದೆ 'ಆ ಗಾದೆ' ಅಂತಷ್ಟೇ ಬರೀತೀನಿ.

ವಿಡಿಯೋ ಹರಿದಾಡ್ತು, ದಲಿತ ಸಂಘಟನೆಗಳು ವಿರೋಧ ಮಾಡಿದ್ವು, ಅವರು ಕೂಡ್ಲೇ ಲೈವ್ ವಿಡಿಯೋ ಡಿಲೀಟ್ ಮಾಡಿ, ಬಾಯ್ತಪ್ಪಿ ಗಾದೆ ಮಾತು ಬಳಸಿದ್ದೆ, ಭಾವನೆಗಳಿಗೆ ಧಕ್ಕೆ ಆಗಿದ್ದು ಗೊತ್ತಾಯ್ತು, ಕ್ಷಮೆ ಇರಲಿ ಅಂತ ಹಾಕಿದ್ರು. ಅಷ್ಟಕ್ಕೆ ಮುಗೀಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೊಬ್ಬರ ದೂರಿನ ಮೇಲೆ ಬೆಂಗಳೂರಿನ ಚೆನ್ನಮ್ಮನಕೆರೆ ಅಚ್ಚುಕಟ್ಟು ಪೊಲೀಸ್ ಠಾಣೇಲಿ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಅಡಿ ಎಫ್‌ಐಆರ್ ಆಯ್ತು. ಸೋಮವಾರ, 14ನೇ ತಾರೀಖು, ಹೈಕೋರ್ಟ್ ಅದಕ್ಕೆ ತಡೆ ಕೊಡ್ತು. ಅದೊಂದು ಗಾದೆ ಅಷ್ಟೆ, ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ, ಯಾರನ್ನೂ ಅವಮಾನ ಮಾಡೋ ಇರಾದೆ ಇರಲಿಲ್ಲ ಅನ್ನೋದೇ ಅವರ ಕಡೆಯ ವಾದದ ತಿರುಳು.

ಮೂರು ದಿನದ ಕಥೆ ಇಷ್ಟೇ. ಆದ್ರೆ ಆ ಮೂರು ದಿನ ನಾನು ನೋಡಿದ ಕಾಮೆಂಟುಗಳಲ್ಲಿ, ಮನೇಲಿ, ಆಫೀಸಲ್ಲಿ, ಎಲ್ಲಾ ಕಡೆ ಒಂದೇ ಮಾತು, "ಅವರ ಉದ್ದೇಶ ಅದಲ್ವಲ್ಲ". ನಂಗೂ ಅವರ ಉದ್ದೇಶ ಅದಲ್ಲ ಅನ್ನೋದ್ರಲ್ಲಿ ಅನುಮಾನ ಇಲ್ಲ. ಇದನ್ನ ಮೊದ್ಲೇ ಹೇಳ್ಬಿಡೋದು ಒಳ್ಳೇದು. ಒಂದು ಜಾತಿನ ಬೈಬೇಕು ಅಂತ ಕ್ಯಾಮೆರಾ ಮುಂದೆ ಕೂತಿದ್ರು ಅಂತ ನಾನು ನಂಬಲ್ಲ. ಹಾಗಾಗೇ ಈ ಪ್ರಕರಣ ನಂಗೆ ಮುಖ್ಯ ಅನ್ಸೋದು. ಬೇಕು ಅಂತ ಬೈದವನ ಬಗ್ಗೆ ಚರ್ಚೆ ಮಾಡೋಕೆ ಏನೂ ಇರಲ್ಲ, ಬೈದ, ಕೇಸ್ ಹಾಕಿ, ಮುಗೀತು. ಇಲ್ಲಿ ಹಂಗಲ್ಲ. ಮನಸ್ಸಲ್ಲಿ ಕೆಟ್ಟದ್ದಿಲ್ಲ, ಆದ್ರೆ ಬಾಯಲ್ಲಿ ಬಂದಿದ್ದು ಇನ್ನೊಬ್ಬರು ಹುಟ್ಟಿದ ಬೀದಿನ ಕೆಟ್ಟದ್ದಕ್ಕೆ ಉದಾಹರಣೆಯಾಗಿ ಇಟ್ಟ ಮಾತು.

ಆ ಗಾದೆ ಕೆಲಸ ಮಾಡೋ ರೀತಿ ನೋಡಿ. ಅದ್ರಲ್ಲಿ ಬೈಗುಳ ಅನ್ನೋದೇ ಇಲ್ಲ. ಊರು ಇದೆ, ಕೇರಿ ಇದೆ. ಊರು ಅಂದ್ರೆ ಒಳ್ಳೇದು, ಕೇರಿ ಅಂದ್ರೆ ಅದ್ರ ಜೊತೆ ಅನಿವಾರ್ಯವಾಗಿ ಇರೋ ಗಲೀಜು, ಸಹಿಸ್ಕೋಬೇಕು ಅಷ್ಟೆ. ಕೇರಿ ಅನ್ನೋದು ಊರಿನ ಭಾಗ ಕೂಡ ಅಲ್ಲ, ಊರಿಗೆ ಅಂಟ್ಕೊಂಡಿರೋ ಬೇರೆ ಏನೋ. ಕೇಳೋರಿಗೆ ಇದು ಅರ್ಥ ಆಗ್ಬೇಕು ಅಂದ್ರೆ 'ಕೇರಿ ಅಂದ್ರೆ ಕೆಟ್ಟದ್ದು' ಅನ್ನೋದು ಹೇಳೋರ ತಲೇಲೂ ಕೇಳೋರ ತಲೇಲೂ ಮೊದಲೇ ಕೂತಿರ್ಬೇಕು, ಇಲ್ದಿದ್ರೆ ಗಾದೆಗೆ ಅರ್ಥಾನೇ ಇಲ್ಲ. ಹಾಗಾಗಿ ಹೇಳೋನಿಗೆ ದ್ವೇಷ ಬೇಕಾಗೇ ಇಲ್ಲ. ದ್ವೇಷದ ಕೆಲಸನೆಲ್ಲ ಗಾದೆ ನೂರಾರು ವರ್ಷದ ಹಿಂದೇನೇ ಮಾಡಿ ಮುಗಿಸಿದೆ, ನಾವು ಬರೀ ಬಾಯಿ ಕೊಡ್ತೀವಿ.

ಇದಕ್ಕೆ ಬಂದ ಒಂದು ಉತ್ತರ ಏನಂದ್ರೆ, ಹೊಲೆಯ ಅನ್ನೋದು ಹೊಲದಿಂದ ಬಂದ ಶಬ್ದ, ಹೊಲದ ಒಡೆಯರು, ಮಣ್ಣಿನ ಮಕ್ಕಳು, ಇದ್ರಲ್ಲಿ ಅವಮಾನ ಎಲ್ಲಿದೆ, ಸರ್ಕಾರದ ಜಾತಿ ಪಟ್ಟೀಲೇ ಆ ಹೆಸರಿದೆ ಅಂತ. ಹೌದು, ಪಟ್ಟೀಲಿದೆ. ಜಾತಿ ಪ್ರಮಾಣಪತ್ರದಲ್ಲೂ ಬರುತ್ತೆ, ಆ ಸಮುದಾಯದ ಎಷ್ಟೋ ಜನ ಆ ಹೆಸರನ್ನ ತಲೆ ಎತ್ತಿ ಹೇಳ್ಕೋತಾರೆ, ಬರೀತಾರೆ, ಅದು ಅವರ ಹಕ್ಕು. ಹೆಸರು ಬೈಗುಳ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಹೆಸರನ್ನ ಎಲ್ಲಿ ತಂದು ಕೂರಿಸಿದ್ರಿ ಅನ್ನೋದು ಪ್ರಶ್ನೆ. ನಿಮ್ಮ ಅಪ್ಪನ ಹೆಸರು ರೇಷನ್ ಕಾರ್ಡಲ್ಲಿ ಇದ್ರೆ ಅದು ಹೆಸರು, ಅದೇ ಹೆಸರನ್ನ ಊರಲ್ಲಿ ಕಳ್ಳತನಕ್ಕೆ ಉದಾಹರಣೆಯಾಗಿ ಹೇಳೋಕೆ ಶುರು ಮಾಡಿದ್ರೆ? ಅಪ್ಪನ ಹೆಸರಿನ ಮೂಲ ಅರ್ಥ ಎಷ್ಟು ಚೆನ್ನಾಗಿದ್ರೂ ನಿಮಗೆ ಸಮಾಧಾನ ಆಗುತ್ತಾ?

ಈ ವ್ಯುತ್ಪತ್ತಿ ವಾದಾನ ಸುಪ್ರೀಂ ಕೋರ್ಟ್ 2008ರಲ್ಲೇ, ಸ್ವರಣ್ ಸಿಂಗ್ ಪ್ರಕರಣದಲ್ಲಿ ನೋಡಿಯಾಗಿದೆ. ಉತ್ತರ ಭಾರತದ ಒಂದು ಜಾತಿ ಹೆಸರಿನ ವಿಚಾರ ಅದು. ಆ ಹೆಸರಿಗೆ ಮೂಲದಲ್ಲಿ ಚರ್ಮದ ಕೆಲಸದವರು ಅಂತ ಅರ್ಥ ಇರ್ಬಹುದು, ಆದ್ರೆ ಇವತ್ತು ಅದನ್ನ ಬಳಸ್ತಾ ಇರೋದು ಹೀಯಾಳಿಸೋಕೆ, ಹಾಗಾಗಿ ನಿಘಂಟಿನ ಮೂಲ ಅಲ್ಲ, ಬಳಕೇಲಿ ಬಂದಿರೋ ಅರ್ಥಾನೇ ನೋಡ್ಬೇಕು ಅಂತ ಕೋರ್ಟ್ ಹೇಳ್ತು.

ಕಾನೂನಿನ ವಿಷಯಾನೂ ಬರೆದುಬಿಡ್ತೀನಿ, ಇಲ್ಲಿ ಜನ ಎರಡು ಪ್ರಶ್ನೆನ ಕಲಸುಮೇಲೋಗರ ಮಾಡ್ಕೊಂಡಿದ್ದಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಲ್ಲಿ ಎರಡು ಅಂಶ ಅಕ್ಕಪಕ್ಕ ಇದಾವೆ. ಒಂದ್ರಲ್ಲಿ, ಅವಮಾನ ಮಾಡ್ಬೇಕು ಅನ್ನೋ ಉದ್ದೇಶದಿಂದಲೇ ಸಾರ್ವಜನಿಕವಾಗಿ ಪರಿಶಿಷ್ಟರೊಬ್ಬರನ್ನ ಅವಮಾನಿಸಿದ್ರೆ ಅಪರಾಧ. ಪಕ್ಕದ್ದರಲ್ಲಿ, ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ಬೈದ್ರೆ ಅಪರಾಧ. ಒಟ್ಟಾರೆ ಕೋರ್ಟುಗಳು ಉದ್ದೇಶ ಏನಿತ್ತು ಅಂತ ಹುಡುಕ್ತಾನೇ ಇರ್ತವೆ. 2024ರ ಆಗಸ್ಟಲ್ಲಿ ಕೇರಳದ ಯೂಟ್ಯೂಬ್ ಪತ್ರಕರ್ತರೊಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟ್, ಜಾತಿ ಕಾರಣಕ್ಕೇ ಅವಮಾನ ಮಾಡಿದ್ದು ಅಂತ ಇದ್ರೆ ಮಾತ್ರ ಈ ಕಾಯ್ದೆ ಬರುತ್ತೆ, ಪರಿಶಿಷ್ಟ ಜಾತಿಯ ವ್ಯಕ್ತಿಗೆ ಬೈದ ಮಾತ್ರಕ್ಕೆ ಬರಲ್ಲ ಅಂತ ಹೇಳಿದೆ. ಇದು ಸರೀನೇ ಇದೆ. ಒಬ್ಬನನ್ನ ಜೈಲಿಗೆ ಕಳಿಸೋ ವಿಷಯ ಬಂದಾಗ ಅವನ ಮನಸ್ಸಲ್ಲಿ ಏನಿತ್ತು ಅಂತ ನೋಡ್ಲೇಬೇಕು. ಹಾಗಾಗಿ ಹೈಕೋರ್ಟ್ ತಡೆ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ, ಒಂದು ಸಾಲಿಗೆ, ಕ್ಷಮೆ ಕೇಳಿದ ಮೇಲೂ ಅರೆಸ್ಟ್ ಆಗ್ಬೇಕು ಅಂತ ನಂಗೆ ಅನ್ಸಿಲ್ಲ. ಆದ್ರೆ ಆ ಸೋಮವಾರ ಮಧ್ಯಾಹ್ನದಿಂದ ಶುರುವಾಯ್ತಲ್ಲ, "ಕೋರ್ಟೇ ತಡೆ ಕೊಟ್ಟಿದೆ, ತಪ್ಪೇನಿಲ್ಲ ಅಂತಾಯ್ತಲ್ಲ" ಅನ್ನೋದು, ಅದು ಹೇಗೆ ಒಪ್ಪೋದು? ಅಪರಾಧ ಹೌದೋ ಅಲ್ವೋ ಅನ್ನೋದು ಕೋರ್ಟಿನ ಪ್ರಶ್ನೆ, ತಪ್ಪೋ ಅಲ್ವೋ ಅನ್ನೋದು ನಮ್ಮ ನಿಮ್ಮ ಪ್ರಶ್ನೆ.

ಆ ಸೋಮವಾರ ನಮ್ಮ ಆಫೀಸಲ್ಲಿ ಆಗಿದ್ದನ್ನ ಬರೀಬೇಕು, ನಾನು ಈ ಪ್ರಕರಣದ ಹಿಂದೆ ಬಿದ್ದಿದ್ದೇ ಅದಕ್ಕೆ.

ಮಧ್ಯಾಹ್ನ ಊಟಕ್ಕೆ ಆರು ಜನ ಕೂತಿದ್ವಿ. ಒಬ್ರು ಫೋನಲ್ಲಿ ಸುದ್ದಿ ಓದಿ, ಇನ್ಮೇಲೆ ಗಾದೆ ಹೇಳೋಕೂ ಲಾಯರ್ನ ಕೇಳ್ಬೇಕೇನೋ ಅಂದ್ರು, ಇನ್ನೊಬ್ರು "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂದ್ರು, ಎಲ್ರೂ ನಕ್ವಿ, ನಾನೂ ನಕ್ಕೆ. ನನ್ನ ಎದುರಿಗೆ ಕೂತಿದ್ದವನು ಕೋಲಾರದ ಕಡೆಯವನು, ಐದು ವರ್ಷದಿಂದ ಪಕ್ಕದ ಸೀಟು. ಮುದ್ದೆ ಡಬ್ಬಿ ತರ್ತಾನೆ ದಿನಾ, ಅವನ ಮನೆ ಉಪ್ಸಾರು ಖಾರಕ್ಕೆ ನಾನು ಕೈ ಹಾಕ್ದೆ ಇರೋ ದಿನ ಕಮ್ಮಿ. ಅವತ್ತು ಅರ್ಧ ಮುದ್ದೆ ಹಾಗೇ ಇತ್ತು, ಡಬ್ಬಿ ಮುಚ್ಚಿ, ಕ್ಲಿಪ್ ಎರಡೂ ಕಡೆ ನಿಧಾನಕ್ಕೆ ಹಾಕಿ, ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದೋದ. ಅವನು ಯಾವ ಜಾತಿ ಅಂತ ನಂಗೆ ಅಲ್ಲಿವರೆಗೂ ಗೊತ್ತಿರಲಿಲ್ಲ, ಕೇಳೋ ಪ್ರಮೇಯಾನೂ ಬಂದಿರಲಿಲ್ಲ. ಆ ಕ್ಲಿಪ್ಪಿನ ಸದ್ದಲ್ಲಿ ಗೊತ್ತಾಯ್ತು.

ಸಂಜೆ ಕೆಳಗೆ ಟೀ ಕುಡೀವಾಗ ನಾನೇ ಶುರು ಮಾಡ್ದೆ, ಸಾರಿ ಮಗಾ ಅಂದೆ. ಅವನು "ಬಿಡು ಮಗಾ, ನೀನು ಬೇಕು ಅಂತ ನಕ್ಕಿಲ್ಲ ಗೊತ್ತು" ಅಂದ, ಅಂದು ಸ್ವಲ್ಪ ಹೊತ್ತು ಸುಮ್ನಿದ್ದು ಒಂದು ವಿಷಯ ಹೇಳ್ದ.

ಅವನು ಆರನೇ ಕ್ಲಾಸಲ್ಲಿದ್ದಾಗ ಕನ್ನಡ ಮೇಷ್ಟ್ರು ಒಬ್ರಿದ್ರಂತೆ, ತುಂಬ ಒಳ್ಳೇ ಮೇಷ್ಟ್ರು. ಇವನಿಗೆ ನೋಟ್‌ಬುಕ್ ಕೊಡಿಸಿದ್ದು ಅವರೇ, ಇವನ ಅಕ್ಷರ ದುಂಡಗಿದೆ ಅಂತ ಬೋರ್ಡ್ ಮೇಲೆ ದಿನಾ ಸುಭಾಷಿತ ಬರೆಸ್ತಾ ಇದ್ದಿದ್ದೂ ಅವರೇ. ಒಂದಿನ ಯಾರೋ ಹುಡುಗ, ಇವನಲ್ಲ, ಬೇರೆ ಯಾರೋ, ಗೋಡೆ ಮೇಲೆ ಕೆಟ್ಟ ಮಾತು ಬರೆದಿದ್ದಕ್ಕೆ ಮೇಷ್ಟ್ರು ಬೇಜಾರಾಗಿ ಕ್ಲಾಸಲ್ಲಿ ಆ ಗಾದೆ ಹೇಳಿದ್ರು, ಹೇಳಿ ಪಾಠ ಮುಂದುವರಿಸಿದ್ರು. ನಲವತ್ತು ಮಕ್ಕಳಿದ್ದ ಕ್ಲಾಸು, ಕೇರಿಯಿಂದ ಬರ್ತಾ ಇದ್ದಿದ್ದು ಮೂರು ಜನ. "ಮೇಷ್ಟ್ರು ನಮ್ ಕಡೆ ನೋಡ್ಲಿಲ್ಲ ಮಗಾ, ಅವ್ರಿಗೆ ನಾವು ನೆನಪೂ ಆಗಿರಲ್ಲ. ಮಿಕ್ಕ ಹುಡುಗ್ರೆಲ್ಲ ತಿರುಗಿ ನೋಡಿದ್ರು." ಆಮೇಲೆ ಇವನು ಬೋರ್ಡ್ ಮೇಲೆ ಸುಭಾಷಿತ ಬರಿಯೋಕೆ ಎದ್ದಾಗೆಲ್ಲ ಬೆನ್ನ ಮೇಲೆ ಆ ನೋಟ ಇದ್ದಂಗೇ ಅನ್ಸೋದಂತೆ, ಒಂದು ತಿಂಗಳಾದ್ಮೇಲೆ ಕೈ ನೋವು ಅಂತ ಸುಳ್ಳು ಹೇಳಿ ಬರಿಯೋದೇ ಬಿಟ್ಬಿಟ್ಟ. ಮೇಷ್ಟ್ರು ಯಾಕೋ ಅಂತ ಕೇಳಿದ್ರಂತೆ, ಪಾಪ, ಎಣ್ಣೆ ಹಚ್ಕೋ ಅಂದ್ರಂತೆ.

ಮೇಷ್ಟ್ರ ಉದ್ದೇಶದಲ್ಲಿ ಏನಾದ್ರೂ ದೋಷ ಇದೆಯಾ? ಏನೂ ಇಲ್ಲ. ಆ ಹುಡುಗನ ಮೇಲೆ ಪ್ರೀತಿ ಇದ್ದ ಮನುಷ್ಯ. ಉದ್ದೇಶ ಒಳ್ಳೇದಿದ್ರೆ ಮಾತಿನ ತಪ್ಪು ಮಾಫಿ ಅನ್ನೋ ಲೆಕ್ಕದಲ್ಲಿ ಅವರಿಗೆ ಪೂರ್ತಿ ಮಾಫಿ ಸಿಗ್ಬೇಕು. ಆದ್ರೆ ಆ ಹುಡುಗ ಬರೆಯೋದು ಬಿಟ್ಟಿದ್ದು ನಿಜ ತಾನೆ, ಆ ಲೆಕ್ಕದಲ್ಲಿ ಅದನ್ನ ಎಲ್ಲಿ ಬರ್ಕೊಳ್ಳೋದು? ಉದ್ದೇಶ ಅನ್ನೋದು ಹೇಳೋರ ಎದೆ ಒಳಗೇ ಉಳಿಯುತ್ತೆ, ಕ್ಲಾಸಿಗೆ ತಲುಪಿದ್ದು ಮಾತು ಮಾತ್ರ. ಮೂವತ್ತೇಳು ಮಕ್ಕಳಿಗೆ ಯಾರ ಕಡೆ ತಿರುಗ್ಬೇಕು ಅಂತ ಮೇಷ್ಟ್ರು ಹೇಳಿಕೊಡ್ಲೇ ಇಲ್ಲ, ಆದ್ರೂ ಅವರಿಗೆ ಗೊತ್ತಿತ್ತು.

ಈಗ ಇದನ್ನೇ ಒಬ್ಬ ಸ್ಟಾರ್ ನಟರ ಲೈವಿಗೆ ಹೋಲಿಸಿ. ಅಲ್ಲಿ ನಲವತ್ತಲ್ಲ, ಲಕ್ಷಾಂತರ ಅಭಿಮಾನಿಗಳು, ಅದ್ರಲ್ಲಿ ಕೇರಿಯಿಂದ ಬಂದ ಹುಡುಗರು ಎಷ್ಟಿರ್ಬೇಡ. ನಮ್ಮ ಹಳ್ಳಿ ಹಾಸನದ ಕಡೆ, ಅಲ್ಲಿ ಅವರ ಸಿನಿಮಾ ಬಂದ್ರೆ ಕಟೌಟಿಗೆ ಮೊದಲು ಹಾರ ಹಾಕ್ತಾ ಇದ್ದಿದ್ದೇ ಕಾಲೋನಿ ಹುಡುಗ್ರು, ನಾನೇ ಕಣ್ಣಾರೆ ನೋಡಿದೀನಿ.

ಕ್ಷಮೆ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ. ಬೇಗ ಕೇಳಿದ್ರು, ವಿಡಿಯೋ ತೆಗೆದ್ರು, ಅದು ಒಳ್ಳೇದು, ಎಷ್ಟೋ ಜನ ಅಷ್ಟೂ ಮಾಡಲ್ಲ. ಆದ್ರೆ 'ಬಾಯ್ತಪ್ಪಿ' ಅನ್ನೋ ಪದ ನಂಗೆ ಸರಿ ಅನ್ಸಲಿಲ್ಲ. ಬಾಯಿ ತಪ್ಪೋದು ಅಂದ್ರೆ ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳೋದು. ಇಲ್ಲಿ ಹೇಳ್ಬೇಕು ಅಂದ್ಕೊಂಡಿದ್ದೇ ಬಂದಿದೆ, ನಮ್ಮೆಲ್ಲರ ನಾಲಿಗೆ ಮೇಲೆ ಅಜ್ಜಿ ಕಾಲದಿಂದ ಕೂತಿರೋ ಮಾತು ಎಲ್ಲೂ ತಡವರಿಸದೆ ಬಂತು. ಇನ್ನೊಂದು, ಭಾವನೆಗೆ ಧಕ್ಕೆ ಆಗಿದ್ದಕ್ಕೆ ಕ್ಷಮೆ ಅಂದಾಗ ಸಮಸ್ಯೆ ಕೇಳಿಸಿಕೊಂಡವರ ಭಾವನೇಲಿದೆ ಅನ್ನೋ ಹಾಗಾಗುತ್ತೆ. ಆ ಗಾದೇನೇ ತಪ್ಪು, ನಾನು ಇಷ್ಟು ದಿನ ಅದನ್ನ ಯೋಚನೆ ಮಾಡಿರಲಿಲ್ಲ, ಇನ್ಮೇಲೆ ನೀವೂ ಬಳಸ್ಬೇಡಿ ಅಂತ ಇನ್ನೊಂದು ಸಾಲು ಅವರ ಬಾಯಲ್ಲಿ ಬಂದಿದ್ರೆ ಅದ್ರ ತೂಕಾನೇ ಬೇರೆ ಇರ್ತಿತ್ತು, ಅವರ ಮಾತು ಕೇಳಿ ಎಷ್ಟೋ ಅಭಿಮಾನಿಗಳು ಆ ಗಾದೆ ಬಿಟ್ಟಿರೋರು. ಅದ್ರ ಬದಲು ಆ ವಾರ ಆ ಗಾದೆ ಸಮರ್ಥನೆ ನೆಪದಲ್ಲಿ ಎಷ್ಟು ಸಾವಿರ ಸಲ ಟೈಪ್ ಆಯ್ತೋ.

ಹೋಲಿಕೆಗೆ ಯುವರಾಜ್ ಸಿಂಗ್ ವಿಷಯ ನೋಡಬಹುದು. 2020ರ ಲಾಕ್‌ಡೌನಲ್ಲಿ ರೋಹಿತ್ ಶರ್ಮಾ ಜೊತೆ ಇನ್‌ಸ್ಟಾಗ್ರಾಂ ಲೈವಲ್ಲಿ ಯುಜ್ವೇಂದ್ರ ಚಹಲ್ ಬಗ್ಗೆ ತಮಾಷೆ ಮಾಡ್ತಾ ಒಂದು ಜಾತಿ ಪದ ಬಳಸಿದ್ರು. ಗೆಳೆಯರ ನಡುವಿನ ತಮಾಷೆ, ಬೇಕು ಅಂತ ಹೇಳಿದ್ದಲ್ಲ ಅಂತ ವಿಷಾದ ಹೇಳಿದ್ರು. ಹರಿಯಾಣದ ಹಾನ್ಸಿಯಲ್ಲಿ ಎಫ್‌ಐಆರ್ ಆಯ್ತು. ಇಲ್ಲಿ ಗಮನಿಸ್ಬೇಕಾದ್ದು, ಆ ಪದ ಚಹಲ್‌ಗೆ ಹೇಳಿದ್ದು, ಗಾಯ ಆಗಿದ್ದು ಆ ಜಾತಿಯವರಿಗೆ. ಅವರು ಆ ಮಾತುಕತೇಲಿ ಇರಲೇ ಇಲ್ಲ. 'ಅಲ್ಲಿ ಇಲ್ಲದೋರ' ಹೆಸರು ಹೀಗೆ ಬಳಕೆ ಆಗೋದೇ ಇಂಥ ಮಾತುಗಳ ಗುಣ. ಉಪೇಂದ್ರ ಅವರೂ ಬೈದಿದ್ದು ಟೀಕೆ ಮಾಡೋರನ್ನ, ಪೆಟ್ಟು ಬಿದ್ದಿದ್ದು ಕೇರಿಯವರಿಗೆ.

ನನ್ನನ್ನ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬೇರೆ ಒಂದು ವಿಷಯ, 50 ವರ್ಷ ಹಿಂದಿನದು. 1973ರ ನವೆಂಬರ್, ಮೈಸೂರು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಒಂದು ಭಾಷಣದಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಇಂಗ್ಲಿಷ್ ಓದ್ಕೊಳ್ಳಿ ಅಂದ್ರು. ಬೂಸಾ, ದನಕ್ಕೆ ಹಾಕೋ ಹೊಟ್ಟು. ಬಸವಲಿಂಗಪ್ಪ ದಲಿತರು, ತಲೆ ಮೇಲೆ ಮಲ ಹೊರೋ ಪದ್ಧತಿನ ರಾಜ್ಯದಲ್ಲಿ ನಿಲ್ಲಿಸೋಕೆ ಆದೇಶ ಮಾಡಿದ ಮಂತ್ರಿ. ಅವರ ಮಾತಿನ ಉದ್ದೇಶ ಏನಿತ್ತು ಅಂತ ಯಾರಾದ್ರೂ ಕೇಳಿದ್ರಾ? ಕುವೆಂಪು ಅಂಥ ಕೆಲವರು ಅವರ ಪರ ನಿಂತ್ರು, ಅಷ್ಟೆ. ಕನ್ನಡಕ್ಕೆ ಅವಮಾನ ಆಯ್ತು ಅಂತ ರಾಜ್ಯದ ತುಂಬ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ಮಂತ್ರಿ ಸ್ಥಾನ ಬಿಡ್ಬೇಕಾಯ್ತು. ಆ ಸಿಟ್ಟಲ್ಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೀತು.

ಎರಡನ್ನೂ ಅಕ್ಕಪಕ್ಕ ಇಡಿ. ಒಂದ್ಕಡೆ ಪುಸ್ತಕಗಳ ಬಗ್ಗೆ ಆಡಿದ ಮಾತು, ಪುಸ್ತಕಕ್ಕೆ ನೋವಾಗಲ್ಲ, ಆದ್ರೂ ಉದ್ದೇಶ ಕೇಳೋ ತಾಳ್ಮೆ ನಮಗೆ ಇರಲಿಲ್ಲ. ಇನ್ನೊಂದ್ಕಡೆ ಜೀವ ಇರೋ ಮನುಷ್ಯರ ಬೀದಿ ಬಗ್ಗೆ ಆಡಿದ ಮಾತು, ಅಲ್ಲಿ ಮೊದಲ ನಿಮಿಷದಿಂದಾನೇ "ಉದ್ದೇಶ ನೋಡಿ, ಉದ್ದೇಶ ನೋಡಿ". ಉದ್ದೇಶ ಒಳ್ಳೇದಿತ್ತು ಅನ್ನೋ ರಿಯಾಯಿತಿನ ನಾವು ಎಲ್ರಿಗೂ ಕೊಡಲ್ಲ, ನಮ್ಮವರು ಅನ್ಸಿದೋರಿಗೆ ಕೊಡ್ತೀವಿ. ಕೊಡೋದಾದ್ರೆ ಬಸವಲಿಂಗಪ್ಪನವರಿಗೂ ಕೊಡ್ಬೇಕಿತ್ತು.

ಕೆಲವರು ಹೇಳ್ತಾರೆ, ಹೀಗೆ ಒಂದೊಂದೇ ಗಾದೆ ತೆಗೀತಾ ಹೋದ್ರೆ ಭಾಷೇನೇ ಬಡವಾಗುತ್ತೆ ಅಂತ. ಕನ್ನಡದ ಬಗ್ಗೆ ಇಷ್ಟೇನಾ ನಂಬಿಕೆ? ಅದೇ ವಿಷಯ ಹೇಳೋಕೆ ಆನೆ ಹೋಗ್ತಾ ಇದ್ರೆ ನಾಯಿ ಬೊಗಳುತ್ತೆ ಅನ್ನೋದಿದೆ, ಹೊಲ ಅಂದ್ಮೇಲೆ ಕಳೆ ಇರಲ್ವಾ ಅನ್ನಬಹುದು, ಬೇಲಿ ಅಂದ್ಮೇಲೆ ಮುಳ್ಳು ಅನ್ನಬಹುದು. ಜನಪದ ಅನ್ನೋದು ನಿಂತ ನೀರಲ್ಲ, ವಿಧವೆಯರ ಬಗ್ಗೆ, ಬಂಜೆ ಅನ್ನೋ ಮಾತಿನ ಮೇಲೆ ಇದ್ದ ಎಷ್ಟು ಗಾದೆಗಳನ್ನ ನಮ್ಮ ಮನೆಗಳಲ್ಲಿ ನಾವಾಗೇ ಆಡೋದು ಬಿಟ್ಟಿದೀವಿ, ಭಾಷೆ ಏನಾಯ್ತು?

ಕೇರಿ ಅನ್ನೋದು ಬರೀ ಮಾತಲ್ಲ ಅನ್ನೋದೂ ನೆನಪಿರ್ಲಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ರು, 2024ರ ಅಕ್ಟೋಬರಲ್ಲಿ ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಡ್ತು. ಗಾದೆ ಹೇಳಿದೋರೆಲ್ಲ ಬೆಂಕಿ ಇಡೋರು ಅಂತ ನಾನು ಹೇಳ್ತಿಲ್ಲ, ಹಂಗೆ ಹೇಳೋದು ಅನ್ಯಾಯ. ಆದ್ರೆ ಊರು ಬೇರೆ, ಕೇರಿ ಬೇರೆ ಅನ್ನೋ ಗೆರೆ ಎಲ್ಲಿದೆ ಅಂತ ಎಲ್ಲಾ ಮಕ್ಕಳಿಗೂ ಎಳವೇಲೇ ಗೊತ್ತಾಗೋದು ಹಿಂಗೇ, ಮಾತುಮಾತಲ್ಲಿ, ನಗುನಗ್ತಾ, ಒಳ್ಳೇ ಮನಸ್ಸಿನೋರ ಬಾಯಿಂದಾನೇ.

ಆ ದಸರಾ ರಜಕ್ಕೆ ಊರಿಗೆ ಹೋದಾಗ ಅಮ್ಮನ ಹತ್ರ ಇದನ್ನೆಲ್ಲ ಹೇಳ್ದೆ, ಮೇಷ್ಟ್ರ ವಿಷಯಾನೂ. ಅಮ್ಮನ ಬಾಯಲ್ಲೂ ಆ ಗಾದೆ ಇತ್ತು, ಅಜ್ಜಿ ಬಾಯಲ್ಲಂತೂ ದಿನಕ್ಕೊಂದ್ಸಲ. ಅವರೆಕಾಯಿ ಬಿಡಿಸ್ತಾ ಕೂತಿದ್ರು, ಪೂರ್ತಿ ಕೇಳಿ, "ನಾವ್ ಯಾರ್ನೂ ಅನ್ಬೇಕು ಅಂತ ಅಂದೋರಲ್ಲ ಕಣಪ್ಪ" ಅಂದ್ರು. ನಂಗೊತ್ತು ಅಮ್ಮ ಅಂದೆ. ಮತ್ತೆ ಸ್ವಲ್ಪ ಹೊತ್ತು ಬಿಡಿಸಿ, ನಮ್ಮ ಗದ್ದೆ ನಾಟಿಗೆ ಬರ್ತಾ ಇದ್ದ ಕಾಲೋನಿಯ ಒಬ್ಬಮ್ಮನ ಹೆಸರು ಹೇಳಿ, "ಅವಳ ಮುಂದೇನೂ ಎಷ್ಟು ಸಲ ಅಂದಿದೀನೋ, ಅವಳು ಒಂದಿನ ಒಂದು ಮಾತಾಡ್ಲಿಲ್ಲ ನೋಡು" ಅಂದ್ರು. ಆ ಅಮ್ಮ ತೀರ್ಕೊಂಡು ಆಗಲೇ ನಾಲ್ಕು ವರ್ಷ ಆಗಿತ್ತು. ನಾನೂ ಒಂದು ಹಿಡಿ ಅವರೆಕಾಯಿ ತಗೊಂಡು ಪಕ್ಕದಲ್ಲಿ ಕೂತೆ.